‘ನೂಟ್ಕಾ, ತೋಳ, 1911’: ಮ್ಯೂಸಿಯಂ ದಾಖಲೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ತುಮಕೂರಿನವಳು. ಎಂಟು ವರ್ಷದಿಂದ ಕೆನಡಾದ ವ್ಯಾಂಕೂವರ್ ದ್ವೀಪದ ನನೈಮೊದಲ್ಲಿದ್ದೇವೆ. ಈ ಯುಗಾದಿಗೆ ನಮ್ಮ ಕನ್ನಡದವರ ಗುಂಪಿನಿಂದ ಮುಖವಾಡಗಳ ಪುಟ್ಟ ಪ್ರದರ್ಶನ ಮಾಡೋಣ ಅಂತ ಮಾತಾಗಿದೆ. ನಮ್ಮ ಕಡೆಯ ಸೋಮನ ಕುಣಿತದ ಫೋಟೊಗಳು ಒಂದು ಗೋಡೆಗೆ. ಈ ದ್ವೀಪದ ಮೂಲನಿವಾಸಿಗಳಾದ ನೂ-ಚಾ-ನುಲ್ತ್ ಜನರ ಮುಖವಾಡ, ಕುಣಿತದ ಕಿರೀಟಗಳ ಫೋಟೊಗಳು ಎದುರು ಗೋಡೆಗೆ. ಮ್ಯೂಸಿಯಂಗಳ ಆನ್‌ಲೈನ್ ದಾಖಲೆ ತೆಗೆದು ನೋಡಿ ತಲೆ ಕೆಟ್ಟುಹೋಯಿತು. ಒಂದರಲ್ಲಿ ‘ನೃತ್ಯದ ಕಿರೀಟ, ತೋಳ, ನೂಟ್ಕಾ, ವ್ಯಾಂಕೂವರ್ ದ್ವೀಪ, ಮರ, ಬಣ್ಣ, ಗರಿ, 1911, ಖರೀದಿ’ ಅಂತಿದೆ. ಅದರ ತದ್ರೂಪಿನಂತೆ ಕಾಣುವುದು ಬೇರೆ ಮ್ಯೂಸಿಯಂನಲ್ಲಿ ‘ಸಮುದ್ರ ಸರ್ಪ, ಮಕಾ’ ಆಗಿದೆ. ಮೂರನೆಯದಕ್ಕೆ ಫೋಟೊನೇ ಇಲ್ಲ. ‘ಸಾಂಸ್ಕೃತಿಕ ಕಾರಣಕ್ಕೆ ಚಿತ್ರ ತೋರಿಸುತ್ತಿಲ್ಲ’ ಅಂತ ಒಂದೇ ಸಾಲು. ನಮ್ಮಲ್ಲಿ ಒಬ್ಬರು, ‘ಇವೆಲ್ಲ ಪೊಲೀಸರು ಕಿತ್ಕೊಂಡು ಹೋದ ಮಾಲು, ಅದಕ್ಕೇ ಮುಚ್ಚಿಡ್ತಾರೆ’ ಅನ್ನುತ್ತಾರೆ. ಇನ್ನೊಬ್ಬರು, ‘ನೂರು ವರ್ಷದ ಹಳೇದಕ್ಕೆ ಕಾಪಿರೈಟ್ ಎಲ್ಲಿಂದ ಬಂತು, ಸುಮ್ನೆ ಪ್ರಿಂಟ್ ಹಾಕಿ, ಮಕ್ಕಳ ಕೈಲಿ ಕಾಗದದ ಮುದ್ದೆಯಲ್ಲಿ ಒಂದೆರಡು ಮಾಡಿಸೋಣ’ ಅನ್ನುತ್ತಾರೆ. ಯಾರ ಮಾತು ಸರಿ? ಹಲಗೆಯ ಮೇಲೆ ನಾನು ಏನಂತ ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದು. ಒಳಗಿನ ಅಳುಕು ಮಾತ್ರ ಒಂದೇ ಅನಿಸಿತು. ತಪ್ಪು ಹೆಸರು ಬರೆದು, ತೋರಿಸಬಾರದ್ದನ್ನು ತೋರಿಸಿ, ಅದನ್ನು ಆ ಜನರೇ ಬಂದು ನೋಡಿದರೆ ಏನು ಗತಿ? ಅಳುಕು ಇರಲಿ, ಒಳ್ಳೆಯದೇ. ನನೈಮೊದಿಂದ ಪೋರ್ಟ್ ಆಲ್ಬರ್ನಿಗೆ ಕಾರಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ ದಾರಿ. ಅಲ್ಲಿ ತ್ಸೆಶಾಟ್, ಹುಪಚಸಾಟ್ ಎಂಬ ಎರಡು ನೂ-ಚಾ-ನುಲ್ತ್ ಸಮುದಾಯಗಳು ಇವತ್ತಿಗೂ ತಮ್ಮ ನೆಲದಲ್ಲೇ ಬಾಳುತ್ತಿವೆ. ಅವರಲ್ಲಿ ಯಾರಾದರೂ ನಿಮ್ಮ ಒಬ್ಬಟ್ಟಿನ ಊಟಕ್ಕೆ ಬಂದು ಹಲಗೆ ಓದಬಹುದು. ಓದುತ್ತಾರೆ ಅಂತಲೇ ಅಂದುಕೊಂಡು ಬರೆಯಿರಿ.

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ‘ಈ ದ್ವೀಪದ ಮೂಲನಿವಾಸಿಗಳು’ ಅಂದಿದ್ದೀರಿ. ದ್ವೀಪ ಒಂದೇ, ಜನ ಒಂದೇ ಅಲ್ಲ. ನೀವಿರುವ ಊರು ಸ್ನುನೈಮುಹ್ ಜನರ ನೆಲ. ನನೈಮೊ ಅನ್ನುವ ಹೆಸರೇ ಅದರಿಂದ ಬಂದದ್ದು. ಅವರು ಕೋಸ್ಟ್ ಸೇಲಿಶ್ ಬಳಗದವರು. ಉತ್ತರದಲ್ಲಿ ಕ್ವಾಕ್ವಾಕಾವಕ್ ಜನ. ನೂ-ಚಾ-ನುಲ್ತ್ ಜನರದ್ದು ಬೆಟ್ಟದ ಆಚೆ, ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿದ ಪಶ್ಚಿಮ ಕರಾವಳಿ. ನಿಮ್ಮ ಹಲಗೆಯ ಮೊದಲ ಸಾಲಿನಲ್ಲೇ ಇದು ಬರಲಿ.

ಇನ್ನು ದಾಖಲೆಗಳ ವಿಷಯ. ನಾನು ಮ್ಯೂಸಿಯಂನಲ್ಲಿ ದುಡಿದ ವರ್ಷಗಳನ್ನೆಲ್ಲ ಕಳೆದದ್ದು ದಾಖಲೆ ವಿಭಾಗದಲ್ಲಿ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ವಿವರಿಸುವ ಕೆಲಸ ನನ್ನದಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ರಿಜಿಸ್ಟರು, ಕಾರ್ಡು, ನಂಬರು ನೋಡಿಕೊಳ್ಳುವುದು. ಆ ಕೋಣೆಯಲ್ಲಿ ಕಲಿತದ್ದನ್ನು ಹೇಳುತ್ತೇನೆ: ಮ್ಯೂಸಿಯಂ ದಾಖಲೆಯನ್ನು ವಸ್ತುವಿನ ಜಾತಕ ಅಂತ ಓದಿದರೆ ಮೋಸ ಹೋಗುತ್ತೀರಿ. ಅದನ್ನು ಅಂಗಡಿಯ ಲೆಕ್ಕದ ಪುಸ್ತಕ ಓದುವ ಹಾಗೆ ಓದಬೇಕು. ಯಾವಾಗ ಬಂತು, ಯಾರಿಂದ ಬಂತು, ಎಷ್ಟು ಕೊಟ್ಟೆವು, ಯಾವ ಕಪಾಟಿನಲ್ಲಿ ಇಟ್ಟೆವು. ಈ ನಾಲ್ಕು ಸಂಗತಿಗಳಲ್ಲಿ ಅದು ಸಾಮಾನ್ಯವಾಗಿ ಗಟ್ಟಿ. ಉಳಿದದ್ದೆಲ್ಲ ಯಾರೋ ಒಬ್ಬರು, ಯಾವತ್ತೋ ಒಂದು ದಿನ, ತಮಗೆ ತೋಚಿದ್ದನ್ನು ಬರೆದದ್ದು.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾದಾಗ ನಾನೂ ಆ ತಂಡದಲ್ಲಿದ್ದೆ. ಹಳೆಯ ಕಾರ್ಡು ಅಂದರೆ ಅಂಚು ಹಳದಿಯಾದ ದಪ್ಪ ಕಾಗದ. ಟೈಪ್ ಮಾಡಿದ ಸಾಲು, ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬೇರೆಯವರ ಕೈಬರಹ. ಬುಡಕಟ್ಟಿನ ಹೆಸರಿನ ಮುಂದೆ ಎಷ್ಟೋ ಕಾರ್ಡುಗಳಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತಿತ್ತು. ನಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ‘ನೂಟ್ಕಾ’ ಇತ್ತು, ‘ನೂಟ್ಕಾ?’ ಇರಲಿಲ್ಲ. ದಿನಕ್ಕೆ ಇಷ್ಟು ಕಾರ್ಡು ಮುಗಿಸಬೇಕು ಅಂತ ಲೆಕ್ಕ ಬೇರೆ. ಚಿಹ್ನೆ ಬಿಟ್ಟು ಹೆಸರು ಒತ್ತಿ ಮುಂದೆ ಹೋದೆ. ಹಾಗೆ ಎಷ್ಟು ಸಲ ಮಾಡಿದೆನೋ ಲೆಕ್ಕ ಇಟ್ಟಿಲ್ಲ. ಯಾರದ್ದೋ ಅನುಮಾನ ನನ್ನ ಬೆರಳ ತುದಿಯಲ್ಲಿ ಸತ್ಯವಾಗಿ ಹೋಯಿತು. ಈಗ ಜಗತ್ತಿನ ಯಾವ ಮೂಲೆಯಿಂದ ನೋಡಿದರೂ ಅದು ಖಚಿತ ಮಾಹಿತಿಯ ಹಾಗೆ ಕಾಣುತ್ತದೆ. ನೀವು ನೋಡಿದ ದಾಖಲೆಯ ಹಿಂದೆಯೂ ಇಂಥ ಒಬ್ಬ ಗುಮಾಸ್ತ ಇದ್ದಿರಬಹುದು.

ಈಗ ನಿಮ್ಮ ಮೊದಲ ದಾಖಲೆಯನ್ನು ಒಂದೊಂದೇ ಪದ ಹಿಡಿದು ನೋಡೋಣ. ‘ನೂಟ್ಕಾ’ದಿಂದ ಶುರು ಮಾಡೋಣ, ಜಾಸ್ತಿ ಗೊಂದಲ ಇರುವುದು ಅಲ್ಲೇ. 1778ರ ಮಾರ್ಚ್ ಕೊನೆಗೆ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡು ಹಡಗುಗಳ ಜೊತೆ ಯೂಕ್ವಾಟ್ ಊರಿನ ಹತ್ತಿರದ ಕೊಲ್ಲಿಗೆ ಬಂದ. ದೋಣಿಗಳಲ್ಲಿ ಎದುರು ಬಂದ ಜನ ‘ಸುತ್ತಿಕೊಂಡು ಆ ಕಡೆಯಿಂದ ಬನ್ನಿ’ ಅನ್ನುವ ಅರ್ಥದ ಮಾತು ಕೂಗಿದರಂತೆ. ಇಂಗ್ಲಿಷರು ಅದನ್ನೇ ಊರಿನ ಹೆಸರು, ಜನರ ಹೆಸರು ಅಂದುಕೊಂಡರು ಎನ್ನುವ ಕಥೆ ಅಲ್ಲಿನವರ ಬಾಯಲ್ಲಿದೆ. ಅಂತೂ ಆ ಹೆಸರು ಇನ್ನೂರು ವರ್ಷ ಅಂಟಿಕೊಂಡಿತು. 1970ರ ದಶಕದ ಕೊನೆಯಲ್ಲಿ ಆ ಸಮುದಾಯಗಳೇ ಸೇರಿ ‘ನೂ-ಚಾ-ನುಲ್ತ್’ ಎಂಬ ಹೆಸರನ್ನು ಇಟ್ಟುಕೊಂಡವು. ಬೆಟ್ಟ ಮತ್ತು ಕಡಲಿನ ಉದ್ದಕ್ಕೂ ಅಂತ ಅದರ ಅರ್ಥ. ಇವತ್ತು ಅವರ ಬುಡಕಟ್ಟು ಮಂಡಳಿಯಲ್ಲಿ 14 ಸಮುದಾಯಗಳಿವೆ.

ಹಾಗಂತ ದಾಖಲೆಯಲ್ಲಿ ‘ನೂಟ್ಕಾ’ ಅಳಿಸಿ ‘ನೂ-ಚಾ-ನುಲ್ತ್’ ಬರೆದರೆ ಕೆಲಸ ಮುಗಿಯಿತೇ? ಇಲ್ಲ. 1780, 90ರ ದಶಕಗಳಲ್ಲಿ ನೂಟ್ಕಾ ಕೊಲ್ಲಿ ಆ ಕಡಲತೀರದ ದೊಡ್ಡ ಸಂತೆ ಇದ್ದ ಹಾಗೆ. ಕಡಲ ನೀರುನಾಯಿಯ ತುಪ್ಪಳಕ್ಕಾಗಿ ಬ್ರಿಟಿಷ್, ಅಮೆರಿಕನ್ ಹಡಗುಗಳು ಬರುತ್ತಿದ್ದವು. ಸ್ಪೇನಿನವರು ಅಲ್ಲೇ ಕೋಟೆ ಕಟ್ಟಿ ಕೂತಿದ್ದರು. ಹಡಗುಗಳು ಉತ್ತರದ ಹೈಡಾ, ಟ್ಲಿಂಗಿಟ್ ಊರುಗಳಲ್ಲಿ ಕೊಂಡದ್ದನ್ನೂ ಯುರೋಪಿಗೆ ಹೋಗಿ ‘ನೂಟ್ಕಾ ಕೊಲ್ಲಿಯದು’ ಅಂತ ಕೊಟ್ಟದ್ದುಂಟು. ಮೈಸೂರು ರೇಷ್ಮೆ ಅಂತ ಹೇಳಿ ಇನ್ನೆಲ್ಲಿಯದೋ ಸೀರೆ ಮಾರುವುದಿಲ್ಲವೇ, ಹಾಗೆ. ಆದ್ದರಿಂದ ಹಳೆಯ ‘ನೂಟ್ಕಾ’ ಚೀಟಿಗಳಲ್ಲಿ ಕೆಲವು ನೂ-ಚಾ-ನುಲ್ತ್ ಜನರದ್ದೇ ಅಲ್ಲ.

ಕುಕ್ ತಂಡ ತಂದ ವಸ್ತುಗಳ ಗತಿಯನ್ನೇ ನೋಡಿ. ಸುಮಾರು ಒಂದು ತಿಂಗಳು ಅಲ್ಲಿದ್ದು ಮುಖವಾಡ, ಹಕ್ಕಿಯ ಆಕಾರದ ಗಿಲಕಿ, ಹೆಣೆದ ಟೋಪಿಗಳನ್ನು ಕೊಂಡುಕೊಂಡರು. ಒಂದಷ್ಟು ಬ್ರಿಟಿಷ್ ಮ್ಯೂಸಿಯಂಗೆ ಸೇರಿತು. ಒಂದಷ್ಟು ಲಂಡನ್ನಿನ ಲೀವರ್ ಎಂಬಾತನ ಖಾಸಗಿ ಮ್ಯೂಸಿಯಂ ಸೇರಿ, 1806ರಲ್ಲಿ ಅದು 65 ದಿನ ನಡೆದ ಹರಾಜಿನಲ್ಲಿ ದಿಕ್ಕಾಪಾಲಾಯಿತು. ಆಸ್ಟ್ರಿಯಾದ ಚಕ್ರವರ್ತಿಯ ಕಡೆಯವರು ಕೊಂಡದ್ದು ಈಗ ವಿಯೆನ್ನಾದಲ್ಲಿದೆ. ಚಿತ್ರಕಾರ ಜಾನ್ ವೆಬರ್ ತನ್ನ ಪಾಲಿನದನ್ನು 1791ರಲ್ಲಿ ತನ್ನ ತಂದೆಯ ಊರಾದ ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಕೊಟ್ಟ. ಕೈ ಬದಲಾದಾಗಲೆಲ್ಲ ಒಂದು ಹೊಸ ಚೀಟಿ. ಹೊಸ ಚೀಟಿ ಬರೆದವನು ಹಳೆಯದನ್ನು ಪೂರ್ತಿ ನಕಲು ಮಾಡಿಕೊಂಡಿದ್ದರೆ ನಮ್ಮ ಪುಣ್ಯ.

ಊರಿನ ಹೆಸರಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಆ ಭಾಷೆಯಲ್ಲಿ ‘ಆಟ್’ ಎಂಬ ಪ್ರತ್ಯಯ ನಮ್ಮ ‘-ದವರು’ ಇದ್ದ ಹಾಗೆ: ಇಂಥ ಊರಿನವರು ಅಂತ. ಅಹೌಸಾಟ್, ತ್ಸೆಶಾಟ್, ಮೊವಾಚಾಟ್ ಎಲ್ಲದರ ಕೊನೆಗೂ ಅದೇ ಇದೆ. 1860ರ ದಶಕದಲ್ಲಿ ಕೆಲವರು ಇಡೀ ಜನಾಂಗಕ್ಕೇ ‘ಆಟ್’ ಅಂತ ಹೆಸರಿಟ್ಟರು! ಹಳೆಯ ದಾಖಲೆಯಲ್ಲಿ ಆ ಪದ ಕಂಡರೆ ಗಾಬರಿಯಾಗಬೇಡಿ. ಹಳೆಯ ಕಾಗುಣಿತದ ‘ಕ್ಲೇಯಕ್ವಾಟ್’ ಈಗಿನ ಟ್ಲಾ-ಓ-ಕ್ವಿ-ಆಟ್, ‘ನಿಟಿನಾಟ್’ ಈಗಿನ ಡಿಟಿಡಾಟ್, ‘ಓಹಿಯಟ್’ ಈಗಿನ ಹೂ-ಎ-ಆಟ್. ದಾಖಲೆಯಲ್ಲಿ ಇಂಥ ಒಂದು ಊರಿನ ಹೆಸರು ಸಿಕ್ಕರೆ ಅದೇ ನಿಮಗೆ ನಿಧಿ. ‘ಮಕ್ವಿನ್ನಾ ಎಂಬ ಮುಖ್ಯಸ್ಥನಿಂದ ಪಡೆದದ್ದು’ ಅಂತ ಇದ್ದರೆ ಮಾತ್ರ ಹುಷಾರು. ಮಕ್ವಿನ್ನಾ ಅನ್ನುವುದು ತಲೆಮಾರಿನಿಂದ ತಲೆಮಾರಿಗೆ ಬರುವ ಪಟ್ಟದ ಹೆಸರು. ಕುಕ್ ಕಾಲದ ನಂತರವೂ ಅದನ್ನು ಹೊತ್ತವರು ಹಲವರು.

‘ಮಕಾ’ ವಿಷಯಕ್ಕೆ ಬರುತ್ತೇನೆ. ಮಕಾ ಜನ ಹ್ವಾನ್ ಡಿ ಫುಕಾ ಜಲಸಂಧಿಯ ಆಚೆ ದಡದವರು, ಈಗಿನ ಅಮೆರಿಕದ ವಾಷಿಂಗ್ಟನ್ ರಾಜ್ಯದ ನೀಯಾ ಬೇಯಲ್ಲಿದ್ದಾರೆ. ಭಾಷೆ ನಂಟಿನದು, ತಿಮಿಂಗಿಲ ಬೇಟೆ ಇಬ್ಬರದ್ದೂ, ಹೆಣ್ಣು ಕೊಟ್ಟು ತರುವುದು ಮೊದಲಿನಿಂದಲೂ ಇದೆ. 1846ರಲ್ಲಿ ಬ್ರಿಟನ್, ಅಮೆರಿಕ ಸೇರಿ ಮಧ್ಯದಲ್ಲಿ ಗೆರೆ ಎಳೆದವು, ಅಷ್ಟೇ. ಹಾಗಾಗಿ ಒಂದೇ ಥರದ ಕಿರೀಟ ಎರಡೂ ದಡದಲ್ಲಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ, ಅದು ಯಾವ ಕಾರ್ಡಿನಲ್ಲೂ ಹಿಡಿಸುವುದಿಲ್ಲ. ಹಾಡು, ಕುಣಿತ, ಹೆಸರು, ಮುಖವಾಡ ಇವೆಲ್ಲ ‘ಟೂಪಾಟಿ’. ಅಂದರೆ ಒಬ್ಬ ಹವಿಲ್ತ್, ಎಂದರೆ ಮನೆತನದ ಮುಖ್ಯಸ್ಥ, ಹಕ್ಕಿನಿಂದ ಹೊಂದಿರುವ ಸ್ವತ್ತು. ಮದುವೆಯಲ್ಲಿ ಅದು ಬೀಗರ ಮನೆಗೆ ಹೋಗಬಹುದು. ಹಾಗಾಗಿ ಕೆತ್ತಿದ್ದು ಒಂದು ಊರು, ಹಕ್ಕು ಇನ್ನೊಂದು ಊರಿನ ಮನೆತನದ್ದು, ಮಾರಾಟವಾದದ್ದು ವಿಕ್ಟೋರಿಯಾದ ಅಂಗಡಿಯಲ್ಲಿ ಅಂತಾಗಬಹುದು. ದಾಖಲೆಯಲ್ಲಿ ‘ಸ್ಥಳ’ ಅಂತ ಇರುವುದು ಒಂದೇ ಖಾನೆ. ಗುಮಾಸ್ತ ಅದರಲ್ಲಿ ಯಾವುದನ್ನು ಬರೆಯಬೇಕು, ಹೇಳಿ?

ತೋಳವೋ ಸರ್ಪವೋ? ನೀವು ವಿವರಿಸಿದ್ದನ್ನು ನೋಡಿದರೆ ಅದು ‘ಹಿಂಕೀಟ್ಸ್’ ಜಾತಿಯ ಕಿರೀಟ. ನಮ್ಮ ಕಿರೀಟದಂತೆ ತಲೆ ಸುತ್ತ ಕೂರುವುದಲ್ಲ. ತೆಳ್ಳಗೆ ಸೀಳಿದ ಸೀಡರ್ ಹಲಗೆಗಳನ್ನು ಜೋಡಿಸಿ, ಹಣೆಯ ಮೇಲಿಂದ ಉದ್ದ ಮೂತಿ ಮುಂದೆ ಚಾಚಿಕೊಳ್ಳುವಂತೆ ಮಾಡಿದ್ದು. ಎರಡು ಪಕ್ಕಕ್ಕೂ ಬಣ್ಣ ಬರೆದಿರುತ್ತಾರೆ, ಹಿಂದೆ ಗರಿಗಳು. ಕುಣಿಯುವವನ ಮುಖ ಕೆಳಗೆ ಕಾಣುತ್ತಲೇ ಇರುತ್ತದೆ. ಎದುರಿಗೆ ನೋಡಿದರೆ ಮನುಷ್ಯ, ತಲೆ ತಿರುಗಿಸಿದರೆ ಆ ಉದ್ದ ಮೂತಿಯ ಪ್ರಾಣಿ. ಈ ಮೂತಿ ತೋಳದ್ದೂ ಆಗಬಹುದು, ಮಿಂಚಿನ ಹಾವಿನದ್ದೂ ಆಗಬಹುದು. ಸಿಡಿಲಹಕ್ಕಿ ತಿಮಿಂಗಿಲ ಬೇಟೆಗೆ ಹೋಗುವಾಗ ಸೊಂಟಕ್ಕೆ ಸುತ್ತಿಕೊಂಡು, ಈಟಿಯ ಹಾಗೆ ಎಸೆಯುವುದು ಈ ಹಾವನ್ನೇ. ದಾಖಲೆ ಬರೆದವರಿಗೆ ಈ ಕಥೆ ಗೊತ್ತಿಲ್ಲದಿದ್ದರೆ ‘ಸಮುದ್ರ ಸರ್ಪ’ ಆಯಿತು. ಇಂಥ ಕಿರೀಟಗಳು ಹಲವು ಸಲ ಜೋಡಿಯಾಗಿ ಕುಣಿಯುವಂಥವು. ಮಾರಾಟದಲ್ಲಿ ಜೋಡಿ ಒಡೆದು ಒಂದು ಒಂದು ಊರಿಗೆ, ಇನ್ನೊಂದು ಇನ್ನೊಂದು ಊರಿಗೆ ಹೋದರೆ, ಒಂದು ತೋಳವಾಗಿ ಇನ್ನೊಂದು ಸರ್ಪವಾಗಿ ಬಾಳುವುದೂ ಸಾಧ್ಯ. ನಿಮ್ಮ ಎರಡು ದಾಖಲೆಗಳು ಹಾಗೇ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡೂ ಮ್ಯೂಸಿಯಂಗಳಿಗೆ ಒಂದೇ ಪತ್ರ ಹಾಕಿ ಕೇಳುವಷ್ಟು ಕುತೂಹಲದ ವಿಷಯ ಇದು.

‘ಬಳಕೆ’ ಅನ್ನುವ ಖಾನೆ ಇದ್ದರಂತೂ ಇನ್ನಷ್ಟು ಎಚ್ಚರ. ಕುಕ್‌ನ ಪ್ರವಾಸದ ವರದಿ 1784ರಲ್ಲಿ ಅಚ್ಚಾಯಿತು. ಅದರಲ್ಲೇ ಈ ಮುಖವಾಡಗಳು ಧಾರ್ಮಿಕ ಕಾರ್ಯಕ್ಕೋ, ಮನರಂಜನೆಗೋ, ಶತ್ರುಗಳನ್ನು ಹೆದರಿಸುವುದಕ್ಕೋ, ಬೇಟೆಯಲ್ಲಿ ಪ್ರಾಣಿಗಳನ್ನು ಯಾಮಾರಿಸುವುದಕ್ಕೋ ತಿಳಿಯದು ಅಂತ ಪ್ರಾಮಾಣಿಕವಾಗಿ ಬರೆದಿದ್ದಾರೆ. ಆಮೇಲೆ ಬಂದವರು ಅಷ್ಟು ಪ್ರಾಮಾಣಿಕರಾಗಿರಲಿಲ್ಲ.

‘1911’ರ ಬಗ್ಗೆ. ಇದು ಸಾಮಾನ್ಯವಾಗಿ ವಸ್ತು ಮ್ಯೂಸಿಯಂಗೆ ಬಂದ ವರ್ಷ. ಎಷ್ಟೋ ಕಡೆ ವಸ್ತುವಿನ ನಂಬರು ಶುರುವಾಗುವುದೇ ಆ ವರ್ಷದಿಂದ. ಅದನ್ನು ಕೆತ್ತಿದ ವರ್ಷ ಅಂತ ಹಲಗೆಯಲ್ಲಿ ಬರೆದರೆ ತಪ್ಪು. ಬಣ್ಣ ನೋಡಿ ವಯಸ್ಸು ಹೇಳುವುದೂ ಕಷ್ಟ. ಆ ಕರಾವಳಿಯ ಕೆಲವು ಕೆತ್ತನೆಗಳ ಮೇಲೆ ಕಾಣುವ ಚೆಂದದ ನೀಲಿ ಯಾವುದು ಗೊತ್ತೇ? ನಮ್ಮ ಅಜ್ಜಿಯರು ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ! ಅಂಗಡಿಯಲ್ಲಿ ಸಿಗುತ್ತಿದ್ದ ಅದೇ ಬಟ್ಟೆ ನೀಲಿಯನ್ನು ಕೆತ್ತುವವರು ಬಣ್ಣವಾಗಿ ಬಳಸಿದ್ದಾರೆ. ಹಡಗಿನಲ್ಲಿ ಬಂದ ಚೀನಾದ ಇಂಗಳೀಕ ಎಂಬ ಕೆಂಪು ಬಣ್ಣವನ್ನೂ ಬಳಸಿದ್ದಾರೆ. ‘ಅಂಗಡಿ ಬಣ್ಣ ಇದೆ, ಹಾಗಾದರೆ ಅಸಲಿ ಅಲ್ಲ’ ಅನ್ನುವ ಮಾತನ್ನು ನಾನು ಬಹಳ ಕೇಳಿದ್ದೇನೆ. ಅದು ಹುಸಿ. ಬಳಕೆಯಲ್ಲಿದ್ದ ಮುಖವಾಡಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ, ಕಪಾಟಿನಲ್ಲಿ ಮಲಗಿದ್ದಕ್ಕೆ ಯಾರೂ ಬಳಿಯುವುದಿಲ್ಲ.

ಮೂರನೆಯ ದಾಖಲೆಯ ಮುಚ್ಚಿದ ಚಿತ್ರಕ್ಕೆ ಉತ್ತರ ಹೇಳುವ ಮುಂಚೆ ಒಂದು ಹಳೆಯ ಪ್ರಸಂಗ. ಮೇಲೆ ಹೇಳಿದ ವೆಬರ್ 1778ರಲ್ಲಿ ಒಂದು ದೊಡ್ಡ ಮನೆಯ ಒಳಗೆ ಕೂತು ಚಿತ್ರ ಬರೆಯಲು ಶುರು ಮಾಡಿದ. ಹಿಂದಿನ ಗೋಡೆಯ ಕಡೆ ಆಳೆತ್ತರದ ಎರಡು ಕೆತ್ತನೆಯ ಮೂರ್ತಿಗಳಿದ್ದವು. ಇವನ ಕಣ್ಣು ಅತ್ತ ಹೋದದ್ದೇ ತಡ, ಕೈಯಲ್ಲಿ ದೊಡ್ಡ ಚಾಕು ಹಿಡಿದ ಒಬ್ಬ ಬಂದು ಮೂರ್ತಿಗಳಿಗೆ ಚಾಪೆ ಅಡ್ಡ ಇಟ್ಟ. ವೆಬರ್ ತನ್ನ ಕೋಟಿನ ಹಿತ್ತಾಳೆ ಗುಂಡಿಯೊಂದನ್ನು ಕೊಟ್ಟ. ಚಾಪೆ ಸರಿಯಿತು. ಸ್ವಲ್ಪ ಹೊತ್ತಿಗೆ ಚಾಪೆ ಮತ್ತೆ ಬಂತು. ಇನ್ನೊಂದು ಗುಂಡಿ. ಹೀಗೆ ಒಂದೊಂದೇ ಕಿತ್ತು ಕೊಡುತ್ತಾ ಕೋಟಿನ ಗುಂಡಿಗಳೆಲ್ಲ ಖಾಲಿಯಾದ ಮೇಲೆ ಅವನನ್ನು ಅವನ ಪಾಡಿಗೆ ಬಿಟ್ಟರು. ಇದನ್ನು ಬರೆದಿಟ್ಟವನು ವೆಬರ್‌ನೇ. ಆ ಮೊದಲ ಚಿತ್ರಕ್ಕೇ ಅನುಮತಿ, ಬೆಲೆ ಎರಡೂ ಇದ್ದವು. ನೀವು ನೋಡಿದ ಆ ಒಂದು ಸಾಲು ಕೂಡ ಒಂದು ಚಾಪೆ.

ಆ ಚಾಪೆ ಹಿಡಿದವರು ಯಾರು ಅನ್ನುವುದು ಮುಖ್ಯ. ನಾನು ಕಂಡ ಮಟ್ಟಿಗೆ ಜಾಸ್ತಿ ಸಲ ಅದು ಸಮುದಾಯವೇ ಕೇಳಿ ಹಾಕಿಸಿದ್ದು. ಕೆಲವು ವಸ್ತುಗಳನ್ನು ಎಲ್ಲರೂ, ಎಲ್ಲ ಕಾಲದಲ್ಲೂ ನೋಡುವಂತಿಲ್ಲ. ನೂ-ಚಾ-ನುಲ್ತ್ ಜನರ ತೋಳದ ವಿಧಿ ‘ಟ್ಲೂಕ್ವಾನಾ’ಗೆ ಸೇರಿದ್ದರಲ್ಲಿ ಇಂಥವಿವೆ. ಇನ್ನು ಕೆಲವು ಸಲ ಮ್ಯೂಸಿಯಂನವರು ಯಾರನ್ನೂ ಕೇಳದೆ, ಯಾಕೆ ಬೇಕು ರಗಳೆ ಅಂತ ತಾವೇ ಮುಚ್ಚಿರುತ್ತಾರೆ. ಫೋಟೊನೇ ತೆಗೆದಿರದೆ ಸಬೂಬು ಹೇಳುವುದೂ ಉಂಟು. ಯಾವುದು ಅಂತ ಪತ್ರ ಬರೆದು ಕೇಳಬಹುದು. ಚಿತ್ರ ಕೊಡಿ ಅಂತ ಕೇಳಬೇಡಿ, ಯಾರ ಕೋರಿಕೆಯ ಮೇಲೆ ಮುಚ್ಚಿದ್ದೀರಿ ಅಂತ ಕೇಳಿ.

‘ಪೊಲೀಸರು ಕಿತ್ಕೊಂಡ ಮಾಲು’ ಅನ್ನುವ ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ನಿಜ ಇದೆ, ಆದರೆ ಅದು ಬೇರೆಯವರ ನಿಜ. ಕೆನಡಾ ಸರ್ಕಾರ ಪಾಟ್‌ಲ್ಯಾಚ್ ಎಂಬ ದೊಡ್ಡ ಸಮಾರಂಭವನ್ನು 1885ರಿಂದ 1951ರವರೆಗೆ ಅಪರಾಧ ಮಾಡಿ ಇಟ್ಟಿತ್ತು. ಹೆಸರಿಡುವುದು, ಮದುವೆ, ಪಟ್ಟ, ಸಾವು ಎಲ್ಲದಕ್ಕೂ ಊರು ಕರೆದು ಊಟ ಹಾಕಿ, ಉಡುಗೊರೆ ಹಂಚಿ, ಬಂದವರನ್ನು ಸಾಕ್ಷಿ ಮಾಡಿಕೊಳ್ಳುವ ಕಾರ್ಯ ಅದು. ಮುಖವಾಡಗಳು ಹೊರಗೆ ಬರುವುದು ಅಲ್ಲೇ. 1921ರ ಕೊನೆಯಲ್ಲಿ ವಿಲೇಜ್ ದ್ವೀಪದಲ್ಲಿ ನಡೆದ ಪಾಟ್‌ಲ್ಯಾಚ್ ಮೇಲೆ ಕೇಸು ಹಾಕಿ, ಸುಮಾರು 20 ಜನರನ್ನು ಜೈಲಿಗೆ ಕಳಿಸಿ, ಮುಖವಾಡಗಳನ್ನು ವಶಪಡಿಸಿಕೊಂಡದ್ದು ನಿಜ. ಆದರೆ ಅದು ಉತ್ತರದ ಕ್ವಾಕ್ವಾಕಾವಕ್ ಜನರ ಮೇಲೆ ನಡೆದದ್ದು. ನೂ-ಚಾ-ನುಲ್ತ್ ವಸ್ತುಗಳಲ್ಲಿ ಬಹುಪಾಲು ಹೋದದ್ದು ‘ಖರೀದಿ’ಯ ದಾರಿಯಲ್ಲಿ. ಬರ್ಲಿನ್ನಿನ ಮ್ಯೂಸಿಯಂಗಾಗಿ ಕೊಳ್ಳಲು ಯಾಕೊಬ್ಸೆನ್ ಎಂಬಾತ 1881ರಲ್ಲೇ ಬಂದಿದ್ದ. ಆಮೇಲೆ ಷಿಕಾಗೊ, ನ್ಯೂಯಾರ್ಕ್, ವಿಕ್ಟೋರಿಯಾದ ಮ್ಯೂಸಿಯಂಗಳಿಗಾಗಿ ಒಬ್ಬರ ಹಿಂದೆ ಒಬ್ಬರು ಬಂದರು.

ಹಾಗಾದರೆ ಮಾರಿದವರು ಇಷ್ಟಪಟ್ಟು ಮಾರಿದರೇ? ಕಾನೂನು ತಲೆಯ ಮೇಲೆ ಕೂತಿದೆ, ಸಿಡುಬು ಊರುಗಳನ್ನು ಬಳಿದುಕೊಂಡು ಹೋಗಿದೆ, ಮಕ್ಕಳನ್ನು ವಸತಿ ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದಾರೆ. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದು ಕಾಸು ಎಣಿಸುವವನಿಗೆ ಮಾರುವುದನ್ನು ದಾಖಲೆ ಒಂದೇ ಪದದಲ್ಲಿ ‘ಖರೀದಿ’ ಅನ್ನುತ್ತದೆ. ಅದರ ಜೊತೆಗೆ ಮಾರಿದವರಿಗೆ ಮಾರುವ ಹಕ್ಕು ಇತ್ತೇ ಅನ್ನುವ ಪ್ರಶ್ನೆ. ಯೂಕ್ವಾಟ್ ತಿಮಿಂಗಿಲ ಬೇಟೆಗಾರರ ಗುಡಿಯ ಕಥೆ ಕೇಳಿ. ಬೇಟೆಗೆ ಮುಂಚೆ ಮುಖ್ಯಸ್ಥ ಹೋಗಿ ವ್ರತ ಮಾಡುತ್ತಿದ್ದ ಜಾಗ. ಅಲ್ಲಿ 88 ಮನುಷ್ಯಾಕೃತಿಗಳು, 4 ತಿಮಿಂಗಿಲಗಳು, 16 ತಲೆಬುರುಡೆಗಳು ಇದ್ದವು. 1904ರ ಹೊತ್ತಿಗೆ ಜಾರ್ಜ್ ಹಂಟ್ ಎಂಬುವರು ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋಆಸ್ ಪರವಾಗಿ 500 ಡಾಲರಿಗೆ ಅದನ್ನು ಕೊಂಡು ನ್ಯೂಯಾರ್ಕಿಗೆ ಕಳಿಸಿದರು. ಊರಿನವರು ಸೀಲ್ ಬೇಟೆಗೆ ಹೊರಟು ಹೋದ ಮೇಲೆ ಸಾಗಿಸಬೇಕು ಅಂತ ಷರತ್ತಿತ್ತು. ಷರತ್ತೇ ಎಲ್ಲ ಹೇಳುತ್ತದೆ ಅಲ್ವಾ? ಅಲ್ಲಿ ಅದು ಇಡಿಯಾಗಿ ಪ್ರದರ್ಶನಕ್ಕೂ ಬರಲಿಲ್ಲ, ಗೋದಾಮಿನಲ್ಲೇ ಉಳಿಯಿತು. 2025ರಲ್ಲಿ ಮೊವಾಚಾಟ್ ಜನರ ಹತ್ತಿರಕ್ಕೆ ವಾಪಸ್ ಬಂತು.

ವಾಪಸ್ ಬರಲು ಯಾಕೆ ಇಷ್ಟು ಕಾಲ ಬೇಕಾಯಿತು ಅಂದರೆ, ಇಲ್ಲೂ ಆ 1846ರ ಗೆರೆ ಅಡ್ಡ ಬರುತ್ತದೆ. ಅಮೆರಿಕದಲ್ಲಿ 1990ರಲ್ಲಿ ಇಂಥ ವಸ್ತುಗಳನ್ನು ಹಿಂದಿರುಗಿಸುವ ಕಾನೂನು ಬಂತು. ಮಕಾ ಜನ ಅದರ ಕೆಳಗೆ ಕೇಳಬಹುದು. ಗೆರೆಯ ಈಚೆಗಿರುವ ನೆಂಟರಾದ ನೂ-ಚಾ-ನುಲ್ತ್ ಜನರಿಗೆ ಅದು ಅನ್ವಯಿಸುವುದಿಲ್ಲ. ಅವರು ಮಾತುಕತೆಯಿಂದಲೇ ಪಡೆಯಬೇಕು. ಅಂದರೆ ನಿಮ್ಮ ಎರಡನೆಯ ದಾಖಲೆಯಲ್ಲಿ ‘ಮಕಾ’ ಅಂತ ಬರೆದಿದೆಯೋ ‘ನೂಟ್ಕಾ’ ಅಂತ ಬರೆದಿದೆಯೋ ಅನ್ನುವುದು ಬರೀ ಪಂಡಿತರ ಚರ್ಚೆಯಲ್ಲ. ಆ ಒಂದು ಪದದ ಮೇಲೆ ಯಾರು ಬಾಗಿಲು ತಟ್ಟಬಹುದು ಅನ್ನುವುದು ನಿಂತಿದೆ. ಕೆನಡಾದಲ್ಲಿ ಇದಕ್ಕೆ ಸಾಟಿಯಾದ ರಾಷ್ಟ್ರೀಯ ಕಾನೂನು ಇಲ್ಲ. ನೂ-ಚಾ-ನುಲ್ತ್ ಜನರಲ್ಲಿ, ಸರ್ಕಾರದ ಜೊತೆ ಮಾಡಿಕೊಂಡು 2011ರಲ್ಲಿ ಜಾರಿಗೆ ಬಂದ ಮಾ-ನುಲ್ತ್ ಒಪ್ಪಂದದ ಐದು ಸಮುದಾಯಗಳಿಗೆ ವಿಕ್ಟೋರಿಯಾದ ರಾಯಲ್ ಬಿ.ಸಿ. ಮ್ಯೂಸಿಯಂನಿಂದ ವಸ್ತುಗಳು ಮರಳುವ ದಾರಿ ಆ ಒಪ್ಪಂದದಲ್ಲೇ ಇದೆ. ಮರಳಿದ ಮೇಲೂ ತೊಡಕು ಇದೆ. ಹಳೆಯ ಕಾಲದಲ್ಲಿ ಹುಳ ಬೀಳದಿರಲಿ ಅಂತ ಮ್ಯೂಸಿಯಂಗಳು ಆರ್ಸೆನಿಕ್, ಪಾದರಸದ ಪುಡಿ ಬಳಿದಿವೆ. ಪರೀಕ್ಷೆ ಮಾಡಿಸದೆ ತಲೆಗೆ ಇಟ್ಟುಕೊಂಡು ಕುಣಿಯುವ ಹಾಗಿಲ್ಲ. ಯಾವ ವಿಷ, ಯಾವಾಗ ಹಾಕಿದ್ದು ಅಂತ ದಾಖಲೆಯಲ್ಲಿ ಬರೆದಿಟ್ಟವರು ಕಡಿಮೆ.

ಇನ್ನು ಕಾಪಿರೈಟ್. ನೂರು ವರ್ಷ ದಾಟಿದ ಕೆತ್ತನೆಗೆ ಸಾಮಾನ್ಯವಾಗಿ ಕಾಪಿರೈಟ್ ಇರುವುದಿಲ್ಲ, ಆ ಮಟ್ಟಿಗೆ ನಿಮ್ಮ ಎರಡನೆಯ ಸ್ನೇಹಿತರು ಹೇಳಿದ್ದು ಸರಿ. ಆದರೆ ಫೋಟೊಗೆ ಮ್ಯೂಸಿಯಂನ ಷರತ್ತು ಇರಬಹುದು, ಪುಟದ ಕೆಳಗೆ ನೋಡಿ. ಅದಕ್ಕಿಂತ ದೊಡ್ಡದು ಟೂಪಾಟಿಯ ಮಾತು. ನೀವು ತುಮಕೂರಿನವರು. ನಿಮ್ಮ ಕಡೆ ಸೋಮನ ಮುಖವನ್ನು ಯಾರು ಬೇಕಾದರೂ ಹೊತ್ತು ಕುಣಿಯುತ್ತಾರೆಯೇ? ಹೊರುವ ಮನೆತನ ಇರುತ್ತದೆ, ಹೊರುವ ಹೊತ್ತು ಇರುತ್ತದೆ. ಇಲ್ಲಿ ಅದು ಇನ್ನೂ ಬಿಗಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಕಾಗದದ ಮುದ್ದೆಯಲ್ಲಿ ಪ್ರತಿ ಮಾಡಿಸುವುದನ್ನು ಬಿಟ್ಟುಬಿಡಿ. ಮಕ್ಕಳು ತಮಗೆ ತೋಚಿದ ಮುಖ ಮಾಡಲಿ, ಸಿಂಹವೋ ಕಾಗೆಯೋ. ಮ್ಯೂಸಿಯಂ ಮುಕ್ತವಾಗಿ ಬಳಸಲು ಕೊಟ್ಟ ಫೋಟೊವನ್ನು ಸರಿಯಾದ ವಿವರದ ಜೊತೆ ಹಾಕಬಹುದು. ಆದರೆ ಮ್ಯೂಸಿಯಂ ಬಿಟ್ಟುಕೊಟ್ಟಿದೆ ಅಂದ ಮಾತ್ರಕ್ಕೆ ಆ ಮನೆತನ ಒಪ್ಪಿದೆ ಅಂತಲ್ಲ, ಆ ಅಪಾಯ ಉಳಿಯುತ್ತದೆ. ಸಮುದಾಯದ ಸಂಸ್ಕೃತಿ ವಿಭಾಗಕ್ಕೆ ಬರೆದು ಕೇಳುವುದು ಇದಕ್ಕಿಂತ ಒಳ್ಳೆಯದು. ಯುಗಾದಿಯೊಳಗೆ ಉತ್ತರ ಬರುತ್ತದೆ ಅಂತ ಮಾತ್ರ ನೆಚ್ಚಬೇಡಿ. ಅವರಿಗೆ ಇಂಥ ಪತ್ರಗಳು ಬರುತ್ತಲೇ ಇರುತ್ತವೆ, ಕೆಲಸ ಮಾಡುವ ಕೈಗಳು ಕಡಿಮೆ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಯಾರನ್ನಾದರೂ ಬಂದು ಮಾತಾಡಿ ಅಂತ ಕರೆದರೆ ದಾರಿ ಖರ್ಚು, ಗೌರವಧನ ಮೊದಲೇ ಹೇಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಇನ್ನೊಂದು ದಾರಿ ಹಿಡಿಯುತ್ತಿದ್ದೆ. ಈಗ ಕೆತ್ತುತ್ತಿರುವ ನೂ-ಚಾ-ನುಲ್ತ್ ಕಲಾವಿದರು ಮಾರಾಟಕ್ಕೆಂದೇ ಮಾಡಿದ ಒಂದು ಅಚ್ಚುಚಿತ್ರವೋ ಚಿಕ್ಕ ಕೆತ್ತನೆಯೋ ಕೊಂಡು ಅಥವಾ ಎರವಲು ಪಡೆದು ಇಡುವುದು. ಕಾರ್ಯಕ್ಕೆ ಬೇರೆ, ಮಾರುವುದಕ್ಕೆ ಬೇರೆ ಅನ್ನುವ ವಿವೇಚನೆ ಅವರಿಗೇ ಬಿಟ್ಟದ್ದು. ಮಾಡಿದವರ ಹೆಸರು, ಊರು, ವರ್ಷ ಎಲ್ಲ ಖಚಿತ. ದುಡ್ಡು ಹೋಗುವುದೂ ಸರಿಯಾದ ಕೈಗೆ. ಖರ್ಚು ಜಾಸ್ತಿ, ನಿಜ. ಒಂದೇ ವಸ್ತು ಸಾಕು.

ಹಳೆಯ ಕಿರೀಟದ ಫೋಟೊ ಹಾಕಲೇಬೇಕು ಅಂತಾದರೆ, ವ್ಯಾಂಕೂವರಿನ ಮಾನವಶಾಸ್ತ್ರ ಮ್ಯೂಸಿಯಂ ಮೂರು ಮೂಲನಿವಾಸಿ ಸಂಸ್ಥೆಗಳ ಜೊತೆ ಸೇರಿ ಕಟ್ಟಿದ ‘ರೆಸಿಪ್ರೊಕಲ್ ರಿಸರ್ಚ್ ನೆಟ್‌ವರ್ಕ್’ ಇದೆ. ಬೇರೆ ಬೇರೆ ಮ್ಯೂಸಿಯಂಗಳ ದಾಖಲೆ ಒಂದೇ ಕಡೆ ಸಿಗುತ್ತದೆ. ಅಲ್ಲಿ ಹೋಲಿಸಿ ನೋಡಿ, ಆಮೇಲೆ ಮ್ಯೂಸಿಯಂಗೆ ಬರೆದು ಹಳೆಯ ಕಾರ್ಡಿನ ಎರಡೂ ಬದಿಯ ಫೋಟೊ ಕಳಿಸಿ ಅಂತ ಕೇಳಿ. ಇದನ್ನು ಕೇಳುವವರೇ ಇಲ್ಲ, ಕೇಳಿದರೆ ಎಷ್ಟೋ ಮ್ಯೂಸಿಯಂಗಳು ಕೊಡುತ್ತವೆ. ಹಿಂಬದಿಯ ಪೆನ್ಸಿಲ್ ಬರಹದಲ್ಲಿ ಊರಿನ ಹೆಸರು ಅಡಗಿರಬಹುದು.

ಹಲಗೆಗೆ ಈ ಸಾಲುಗಳು ಸಾಕು: ‘ಕುಣಿತದ ಕಿರೀಟ. ನೂ-ಚಾ-ನುಲ್ತ್ ಅಥವಾ ಅವರ ನೆಂಟರಾದ ಮಕಾ ಜನರದ್ದು. ಯಾವ ಊರು, ಯಾವ ಮನೆತನ ಎಂದು ದಾಖಲೆ ಹೇಳುವುದಿಲ್ಲ. ಮ್ಯೂಸಿಯಂ ಇದನ್ನು ತೋಳ ಎಂದು ಕರೆದಿದೆ. ಮಿಂಚಿನ ಹಾವೂ ಆಗಿರಬಹುದು. ಕೆತ್ತಿದವರ ಹೆಸರು ಬರೆದುಕೊಂಡಿಲ್ಲ. ಪಾಟ್‌ಲ್ಯಾಚ್ ನಿಷೇಧವಿದ್ದ ಕಾಲದಲ್ಲಿ, 1911ರಲ್ಲಿ, ಖರೀದಿಯಾಗಿ ಮ್ಯೂಸಿಯಂ ಸೇರಿತು.’ ಮೂರನೆಯ ದಾಖಲೆಗೆ ಗೋಡೆಯ ಮೇಲೆ ಜಾಗ ಬೇಡ. ಕಾರ್ಡಿನ ಫೋಟೊ ಬಂದು ಅದರಲ್ಲಿ ‘ನೂಟ್ಕಾ’ ಮುಂದೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ, ನಿಮ್ಮ ಹಲಗೆಯಲ್ಲೂ ಅದನ್ನು ಹಾಕಿ. ಮ್ಯೂಸಿಯಂಗೂ ತಿಳಿಸಿ, ಡೇಟಾಬೇಸಿಗೆ ಮತ್ತೆ ಸೇರಿಸಿಕೊಳ್ಳಲಿ.